ಇಕಾಲುಯಿಟ್‌ನಿಂದ ರೆಸೊಲ್ಯೂಟ್ ಬೇಗೆ: ದೂರ ಮತ್ತು ಹಾರಾಟದ ಸಮಯದ ಲೆಕ್ಕ

ಎರಡೂ ಕೆನಡಾದ ನೂನಾವುಟ್‌ನ ವಿಮಾನ ನಿಲ್ದಾಣಗಳು. ಲೆಕ್ಕಕ್ಕೆ ಬೇಕಾದದ್ದು ನಾಲ್ಕೇ ಅಂಕಿ:

ಇಕಾಲುಯಿಟ್: 63.756° ಉತ್ತರ, 68.556° ಪಶ್ಚಿಮ
ರೆಸೊಲ್ಯೂಟ್ ಬೇ: 74.717° ಉತ್ತರ, 94.969° ಪಶ್ಚಿಮ

ಅಕ್ಷಾಂಶದ ವ್ಯತ್ಯಾಸ 10.961°, ರೇಖಾಂಶದ್ದು 26.413°.

ಎಡವುವ ಜಾಗ

ಡಿಗ್ರಿಗೆ 111.2 ಕಿ.ಮೀ. ಎಂದು ಎರಡನ್ನೂ ಗುಣಿಸಿ ಪೈಥಾಗೊರಸ್ ಹಾಕಿದರೆ ಸುಮಾರು 3,180 ಕಿ.ಮೀ. ಬರುತ್ತದೆ. ನಿಜವಾದ ದೂರ 1,575. ಉತ್ತರ ಹೆಚ್ಚುಕಡಿಮೆ ದುಪ್ಪಟ್ಟಾಯಿತು! ಅಕ್ಷಾಂಶದ ಡಿಗ್ರಿ ಎಲ್ಲೆಡೆ ಬಹುತೇಕ ಒಂದೇ ಅಳತೆ. ರೇಖಾಂಶದ್ದು ಧ್ರುವದ ಕಡೆಗೆ ಕಿರಿದಾಗುತ್ತ ಹೋಗುತ್ತದೆ. ಬೆಂಗಳೂರಿನಲ್ಲಿ ಅದು 108 ಕಿ.ಮೀ., ಹಾಗಾಗಿ ನಮ್ಮ ಕಡೆಯ ಊರುಗಳಿಗೆ ಲೆಕ್ಕ ಹಾಕುವಾಗ ಈ ತಪ್ಪು ಕಣ್ಣಿಗೇ ಬೀಳುವುದಿಲ್ಲ. ಇಕಾಲುಯಿಟ್‌ನಲ್ಲಿ 49, ರೆಸೊಲ್ಯೂಟ್‌ನಲ್ಲಿ ಬರೀ 29.

ಸರಿ, ರೇಖಾಂಶದ ವ್ಯತ್ಯಾಸವನ್ನು ಅಕ್ಷಾಂಶದ ಕೊಸೈನ್‌ನಿಂದ ಗುಣಿಸಬೇಕು. ಆದರೆ ಯಾವ ಊರಿನ ಅಕ್ಷಾಂಶ? ಇಕಾಲುಯಿಟ್‌ನದು (0.442) ಹಿಡಿದರೆ 1,781 ಕಿ.ಮೀ., ರೆಸೊಲ್ಯೂಟ್‌ನದು (0.264) ಹಿಡಿದರೆ 1,444. ಸರಾಸರಿ ಅಕ್ಷಾಂಶದ ಕೊಸೈನ್ ಹಿಡಿದರೆ 1,603: ಹತ್ತಿರ, ಆದರೂ 28 ಕಿ.ಮೀ. ಜಾಸ್ತಿ.

ಹ್ಯಾವರ್‌ಸೈನ್ ಸೂತ್ರವನ್ನೇ (ಗೋಳದ ಮೇಲಿನ ಎರಡು ಜಾಗಗಳ ನಡುವಿನ ದೂರ ಕೊಡುವ ಸೂತ್ರ) ಬಿಡಿಸಿ ನೋಡಿ. ಅದರಲ್ಲಿ ಎರಡು ಊರುಗಳ ಕೊಸೈನ್‌ಗಳು ಗುಣಲಬ್ಧವಾಗಿ ಕೂತಿವೆ. ಕೋನ ಚಿಕ್ಕದಿದ್ದಾಗ ಸೈನ್ ಬದಲು ಕೋನವನ್ನೇ ಬರೆಯಬಹುದು. ಆಗ ಸೂತ್ರ ಪೈಥಾಗೊರಸ್ ಆಗಿಬಿಡುತ್ತದೆ, ರೇಖಾಂಶದ ವರ್ಗಕ್ಕೆ ಆ ಗುಣಲಬ್ಧ ಅಂಟಿಕೊಂಡಿರುತ್ತದೆ. ಅಂದರೆ ಬೇಕಿರುವುದು ಗುಣೋತ್ತರ ಮಾಧ್ಯ:

√(0.4422 × 0.2636) = 0.3414
ಪೂರ್ವ–ಪಶ್ಚಿಮ: 26.413 × 111.2 × 0.3414 ≈ 1,003
ಉತ್ತರ–ದಕ್ಷಿಣ: 10.961 × 111.2 ≈ 1,219
ದೂರ: √(1,003² + 1,219²) ≈ 1,578 ಕಿ.ಮೀ.

ಮೂರೇ ಕಿಲೋಮೀಟರ್ ವ್ಯತ್ಯಾಸ. ಸಾಧಾರಣ ಕ್ಯಾಲ್ಕುಲೇಟರ್‌ನಲ್ಲಿ ಇದಕ್ಕಿಂತ ಚೊಕ್ಕ ದಾರಿ ಇಲ್ಲ. ಇದೇ ಅಕ್ಷಾಂಶಗಳಲ್ಲಿ ರೇಖಾಂಶದ ವ್ಯತ್ಯಾಸ 60 ಡಿಗ್ರಿಗೆ ಏರಿದರೆ ತಪ್ಪು ಶೇ 3ರಷ್ಟಾಗುತ್ತದೆ. ಧ್ರುವದ ಆಚೆ ದಾಟುವ ದಾರಿಗಂತೂ ಪೂರ್ತಿ ಹ್ಯಾವರ್‌ಸೈನ್ ಬೇಕೇ ಬೇಕು.

ದಿಕ್ಕು

ಉತ್ತರದಿಂದ ಗಡಿಯಾರದ ಮುಳ್ಳಿನಂತೆ ಅಳೆದರೆ ಹೊರಡುವಾಗ 331°, ತಲುಪುವಾಗ 306°. ವಿಮಾನ ಹೋಗುವುದು ನೇರ ಮಹಾವೃತ್ತದ (ಗೋಳದ ಮೇಲಿನ ಅತಿ ಹತ್ತಿರದ ದಾರಿ) ಮೇಲೆಯೇ. ತಿರುಗುವುದು ಉತ್ತರ ದಿಕ್ಕಿನ ಗೆರೆ. ಭೂಮಿಯ ಕಾಂತಕ್ಷೇತ್ರ ಬಹುತೇಕ ನೆಟ್ಟಗೆ ಕೆಳಮುಖವಾಗಿರುವ ಈ ಭಾಗದಲ್ಲಿ ದಿಕ್ಸೂಚಿಯನ್ನು ನಂಬುವಂತಿಲ್ಲ, ಅದಕ್ಕೇ ರೆಸೊಲ್ಯೂಟ್‌ನ ರನ್‌ವೇ ಸಂಖ್ಯೆಯನ್ನು (ಅದು ರನ್‌ವೇಯ ದಿಕ್ಕನ್ನು ಹೇಳುತ್ತದೆ) ಭೌಗೋಳಿಕ ಉತ್ತರದಿಂದಲೇ ಅಳೆದು ಕೊಟ್ಟಿದ್ದಾರೆ.

ಸಮಯ

ರೆಸೊಲ್ಯೂಟ್‌ನ ರನ್‌ವೇ ಜಲ್ಲಿಯದು, ಆದ್ದರಿಂದ ಜೆಟ್ ವೇಗ ಹಾಕಬೇಡಿ. ಎಟಿಆರ್ 42 ಥರದ ಟರ್ಬೊಪ್ರಾಪ್‌ಗೆ ಗಂಟೆಗೆ 500 ಕಿ.ಮೀ. ಹಿಡಿದರೆ 3 ಗಂಟೆ 9 ನಿಮಿಷ. ನೆಲದ ಮೇಲಿನ ಓಡಾಟ, ಏರಿಕೆ, ಇಳಿಕೆಗೆ ಕಾಲು ಗಂಟೆ ಸೇರಿಸಿ: ಸುಮಾರು 3 ಗಂಟೆ 25 ನಿಮಿಷ.

ಗಂಟೆಗೆ 80 ಕಿ.ಮೀ. ಎದುರುಗಾಳಿಗೆ ಹಾರಾಟವೇ 3 ಗಂಟೆ 45 ನಿಮಿಷವಾಗುತ್ತದೆ. ಅದೇ ಗಾಳಿ ಹಿಂದಿನಿಂದ ಬೀಸಿದರೆ 2 ಗಂಟೆ 43. ಕಳೆದುಕೊಂಡದ್ದು 36 ನಿಮಿಷ, ಗಳಿಸಿದ್ದು 26. ಹೋಗಿಬರುವ ಪ್ರಯಾಣದಲ್ಲಿ ಗಾಳಿ ಸರಿದೂಗುವುದಿಲ್ಲ, ಏಕೆಂದರೆ ಎದುರುಗಾಳಿಯಲ್ಲಿ ಕಳೆಯುವ ಹೊತ್ತೇ ಹೆಚ್ಚು.

ನಡುವೆ ಆರ್ಕ್ಟಿಕ್ ಬೇಯಲ್ಲಿ ಇಳಿದು ಹೋದರೆ 1,221 + 360 = 1,581 ಕಿ.ಮೀ. ದಾರಿ ಹೆಚ್ಚಿದ್ದು ಆರೇ ಕಿ.ಮೀ., ಆದರೆ ಇಳಿದು, ನಿಂತು, ಮತ್ತೆ ಏರುವುದಕ್ಕೆ ಮುಕ್ಕಾಲು ಗಂಟೆಯಾದರೂ ಬೇಕು.

ಗಡಿಯಾರವನ್ನೂ ನೋಡಿಕೊಳ್ಳಿ. ರೆಸೊಲ್ಯೂಟ್ ಒಂದು ಗಂಟೆ ಹಿಂದೆ. ಬೆಳಿಗ್ಗೆ 9:00ಕ್ಕೆ ಹೊರಟು ನೇರವಾಗಿ ಹಾರಿದರೆ ಅಲ್ಲಿಯ ಗಡಿಯಾರದಲ್ಲಿ 11:25. ವೇಳಾಪಟ್ಟಿಯ ಎರಡು ಸಮಯಗಳನ್ನು ಹಾಗೇ ಕಳೆದರೆ 2 ಗಂಟೆ 25 ನಿಮಿಷ ಎನ್ನುವ ತಪ್ಪು ಉತ್ತರ ಬರುತ್ತದೆ.