ಮೀಟರ್ ಕೊಳ್ಳುವ ಮೊದಲು ಕೀಲಿ ಕೇಳಿ

ಬೆಳಗಾವಿಯ ಟಿಳಕವಾಡಿ ಕಡೆಯ ಅಪಾರ್ಟ್‌ಮೆಂಟ್ ಸಂಘಗಳು ನನ್ನನ್ನು ಕೇಳುವುದು ಹೆಚ್ಚುಕಡಿಮೆ ಒಂದೇ ಮಾತು: ಪ್ರತಿ ಮನೆಗೂ ರೇಡಿಯೊ ಇರುವ ನೀರಿನ ಮೀಟರ್ ಕೂರಿಸಿದ್ದೇವೆ, ಓದುವುದಕ್ಕೆ ಮಾರಾಟಗಾರರ ದುಬಾರಿ ಯಂತ್ರವೇ ಆಗಬೇಕೇ?

ಮೀಟರ್ ವೈರ್‌ಲೆಸ್ ಎಂ-ಬಸ್ (ಮೀಟರ್ ಲೆಕ್ಕವನ್ನು ರೇಡಿಯೊದಲ್ಲಿ ಕಳಿಸುವ ಒಂದು ಮಾನದಂಡ) ಮಾದರಿಯದಾಗಿದ್ದರೆ ಬೇಕಿಲ್ಲ. ಟಿವಿ ನೋಡಲೆಂದು ತಯಾರಾದ ಆರ್‌ಟಿಎಲ್2832ಯು ಚಿಪ್‌ನ ಯುಎಸ್‌ಬಿ ಡಾಂಗಲ್ ಅನ್ನು 2012ರಿಂದ ಹವ್ಯಾಸಿಗಳು ಸಾಮಾನ್ಯ ರೇಡಿಯೊ ರಿಸೀವರ್ ಆಗಿ ಬಳಸುತ್ತಿದ್ದಾರೆ. ಅದನ್ನು ಸಣ್ಣ ಕಂಪ್ಯೂಟರ್‌ಗೆ ಸಿಕ್ಕಿಸಿದರೆ 'ಆರ್‌ಟಿಎಲ್-ಡಬ್ಲ್ಯುಎಂಬಸ್' ಎಂಬ ತಂತ್ರಾಂಶ ಅಲೆಗಳಿಂದ ಬಿಟ್‌ಗಳನ್ನು ಹೆಕ್ಕುತ್ತದೆ, 'ಡಬ್ಲ್ಯುಎಂಬಸ್‌ಮೀಟರ್ಸ್' ಆ ಬಿಟ್‌ಗಳನ್ನು ಘನ ಮೀಟರ್ ಲೆಕ್ಕಕ್ಕೆ ತರುತ್ತದೆ. ಎರಡೂ ಉಚಿತ.

ತಂತ್ರಾಂಶಕ್ಕೆ ಕೈ ಹಾಕುವ ಮೊದಲು ತರಂಗಾಂತರ ನೋಡಿ. ಯುರೋಪಿನ ಮೀಟರ್‌ಗಳು ಸಾಮಾನ್ಯವಾಗಿ 868.95 ಮೆಗಾಹರ್ಟ್ಸ್‌ನಲ್ಲಿ ಮಾತನಾಡುತ್ತವೆ. ನಮ್ಮಲ್ಲಿ ಪರವಾನಗಿ ಬೇಡದ ಬ್ಯಾಂಡ್ 865ರಿಂದ 868ರವರೆಗೆ ಮಾತ್ರ. ಅಗ್ಗಕ್ಕೆ ಸಿಕ್ಕಿತೆಂದು ಆಮದು ಮಾಲು ತರಿಸುವವರು ಈ ಒಂದು ಮೆಗಾಹರ್ಟ್ಸ್ ಅಂತರವನ್ನು ಗಮನಿಸುವುದೇ ಇಲ್ಲ. ಡಾಂಗಲ್ ಯಾವ ತರಂಗಾಂತರ ಹಿಡಿಯಬೇಕೆಂದು ಅಳೆದುಕೊಡುವ ಸ್ಫಟಿಕವೂ ಸತ್ಯಹರಿಶ್ಚಂದ್ರನಲ್ಲ: ಹತ್ತು ಲಕ್ಷಕ್ಕೆ 50 ಭಾಗ ತಪ್ಪಿದರೂ ಈ ಬ್ಯಾಂಡ್‌ನಲ್ಲಿ 43 ಕಿಲೋಹರ್ಟ್ಸ್ ಜಾರುತ್ತದೆ. ವಿಜಯಪುರದ ಬೇಸಿಗೆಯಲ್ಲಿ ಅದನ್ನು ಟೆರೇಸಿನ ತಗಡಿನ ಪೆಟ್ಟಿಗೆಯಲ್ಲಿಟ್ಟರೆ ಜಾರಾಟ ಇನ್ನೂ ಹೆಚ್ಚು. ತಾಪ ಸರಿದೂಗಿಸುವ ಸ್ಫಟಿಕದ ಡಾಂಗಲ್‌ಗೆ ನಾಲ್ಕು ಕಾಸು ಹೆಚ್ಚು ಕೊಡುವುದೇ ಲೇಸು. ಇನ್ವರ್ಟರ್, ಎಲ್‌ಇಡಿ ದೀಪಗಳ ಅಡಾಪ್ಟರ್‌ಗಳಿಂದ ದೂರವಿಡಿ. ಮೀಟರ್ ಗುಂಡಿಗೆ ಕಬ್ಬಿಣದ ಮುಚ್ಚಳವಿದ್ದರೆ ಅದನ್ನು ಬದಲಿಸಿ.

ಇಷ್ಟಾದರೆ ಪರದೆಯ ಮೇಲೆ ಮೀಟರ್‌ಗಳ ಎಂಟಂಕಿಯ ಸಂಖ್ಯೆಗಳು ಒಂದೊಂದಾಗಿ ಮೂಡುತ್ತವೆ. ಸಂಘದವರು ಗೆದ್ದೆವೆಂದುಕೊಳ್ಳುವುದು ಇಲ್ಲಿಯೇ. ಆದರೆ ಸಂಖ್ಯೆ ಬಯಲಾಗಿ ಬರುತ್ತದೆ, ಬಳಕೆಯ ಲೆಕ್ಕ ಬರುವುದಿಲ್ಲ. ಇಂದಿನ ಬಹುತೇಕ ಮೀಟರ್‌ಗಳು ಅದನ್ನು ಎಇಎಸ್-128 ಎಂಬ ಗೂಢಲಿಪಿಯಲ್ಲಿ ಕಳಿಸುತ್ತವೆ. ಅದನ್ನು ಬಿಡಿಸಲು ಪ್ರತಿ ಮೀಟರ್‌ಗೂ 32 ಅಕ್ಷರಗಳ ಕೀಲಿ ಬೇಕು. ಹೆಚ್ಚು ಬಳಕೆಯಲ್ಲಿರುವ ವಿಧಾನದಲ್ಲಿ ಕೀಲಿ ಸರಿಯಿದ್ದರೆ ಬಿಡಿಸಿದ ಮಾಹಿತಿ '2ಎಫ್ 2ಎಫ್' ಎಂಬ ಎರಡು ಬೈಟ್‌ಗಳಿಂದ ಶುರುವಾಗುತ್ತದೆ. ಹಾಗಿಲ್ಲದಿದ್ದರೆ ಆಂಟೆನಾ ತಿರುಗಿಸುತ್ತ ಕೂರಬೇಡಿ, ಮಾರಾಟಗಾರರಿಗೆ ಫೋನ್ ಮಾಡಿ.

ಗೂಢಲಿಪಿ ಕಿರಿಕಿರಿ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಬಯಲಾಗಿ ಹೊರಡುವ ನೀರಿನ ಲೆಕ್ಕ, ಯಾವ ಮನೆ ವಾರದಿಂದ ಬೀಗ ಹಾಕಿದೆ ಎಂಬುದನ್ನು ಬೀದಿಯಲ್ಲಿ ನಿಂತವನಿಗೂ ಹೇಳಿಬಿಡುತ್ತದೆ. ಹಾಗಾಗಿ ಕೀಲಿಗಳ ಪಟ್ಟಿ ಸಂಘದ ಕಾರ್ಯದರ್ಶಿಯ ವಾಟ್ಸ್‌ಆಪ್ ಗುಂಪಿನಲ್ಲಿ ಓಡಾಡಬಾರದು. ವಿದ್ಯುತ್ತಿನ ಸ್ಮಾರ್ಟ್ ಮೀಟರ್ ಈ ಡಾಂಗಲ್‌ನಿಂದ ಓದುವ ಮಾತಲ್ಲ. ಅದು ಐಎಸ್ 16444 ಎಂಬ ಭಾರತೀಯ ಮಾನದಂಡದ ಪ್ರಕಾರ ಡಿಎಲ್‌ಎಂಎಸ್ ಎಂಬ ಬೇರೆಯೇ ಸಂವಹನ ಪದ್ಧತಿಯಲ್ಲಿ ನಡೆಯುತ್ತದೆ, ಕೀಲಿ ವಿದ್ಯುತ್ ಕಂಪನಿಯ ಕೈಯಲ್ಲಿರುತ್ತದೆ.

ನೀರಿನ ಮೀಟರ್‌ನದು ಹಾಗಲ್ಲ, ಹಣ ಕೊಟ್ಟವರು ನೀವು. ಖರೀದಿ ಆದೇಶದಲ್ಲಿಯೇ ತರಂಗಾಂತರ, ಪ್ರಸಾರದ ವಿಧಾನ, ಪ್ರತಿ ಮೀಟರ್‌ನ ಕೀಲಿ ಎಂದು ಬರೆಸಿ. ಕೀಲಿ ಕೊಡಲಾಗದು ಎಂದರೆ ಪಲ್ಸ್ ಔಟ್‌ಪುಟ್ ಇರುವ, ಅಂದರೆ ನೀರು ಹರಿದಷ್ಟೂ ತಂತಿಯಲ್ಲಿ ಮಿಡಿತ ಕಳಿಸುವ ಮೀಟರ್ ಕೇಳಿ. ತಂತಿ ಎಳೆಯುವ ಖರ್ಚು ಬೀಳುತ್ತದೆ, ಆದರೆ ಆ ಮಿಡಿತ ಎಣಿಸಲು ಯಾರ ಅಪ್ಪಣೆಯೂ ಬೇಡ.