ಬಿರುಕಿಗೊಂದು ಗಾಜಿನ ಪಟ್ಟಿ

ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ಮಲ್ಲಿಗೆ ಕಟ್ಟುತ್ತಿದ್ದ ಅಜ್ಜಿಯೊಬ್ಬರನ್ನು "ಇಲ್ಲಿ ಸೋರುತ್ತಾ?" ಅಂತ ಸುಮ್ನೆ ಕೇಳಿದೆ. ಕೈ ನಿಲ್ಲಿಸದೆ ಗದ್ದ ಎತ್ತಿ ತೋರಿಸಿದರು. "ಮೊದ್ಲು ಆ ಮೂಲೇಲಿ. ಜೋರು ಮಳೆ ಬಂದ್ರೆ ಈ ಕಂಬದ ಮೇಲೂ ಇಳಿಯುತ್ತೆ. ಅದಕ್ಕೇ ಬುಟ್ಟಿ ಇಲ್ಲಿಟ್ಟಿರೋದು ಕಣಪ್ಪ."

ಕಟ್ಟಡ ಪರೀಕ್ಷಿಸಲು ಬರುವ ತಜ್ಞರು ಎಷ್ಟು ದಿನ ಇರುತ್ತಾರೆ? ಅಜ್ಜಿ ಅದೆಷ್ಟು ಮಳೆಗಾಲ ನೋಡಿದ್ದಾರೋ!

ಹಳೇ ಕಟ್ಟಡಕ್ಕೆ ನೀರೇ ದೊಡ್ಡ ಕಾಟ. ಇಟ್ಟಿಗೆ ಗೋಡೆಗೆ ಆಗ ಬಳಸುತ್ತಿದ್ದದ್ದು ಸುಣ್ಣದ ಗಾರೆ. ಅದರಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ತೂತುಗಳಿರುತ್ತವೆ. ಗೋಡೆ ಹೀರಿದ ನೀರು ಬಿಸಿಲು ಬಂದಾಗ ಆ ದಾರಿಯಲ್ಲೇ ಆರಿಹೋಗುತ್ತದೆ. ಮೇಲೆ ಸಿಮೆಂಟ್ ಮೆತ್ತಿದರೆ ದಾರಿ ಬಂದ್. ಒಳಗುಳಿದ ತೇವ ಇಟ್ಟಿಗೆಯ ಉಪ್ಪನ್ನು ಕರಗಿಸುತ್ತದೆ. ಆ ಉಪ್ಪು ಮತ್ತೆ ಹರಳುಗಟ್ಟುವಾಗ ಇಟ್ಟಿಗೆಯನ್ನೇ ಒಳಗಿಂದ ಒತ್ತಿ ಪುಡಿ ಮಾಡುತ್ತದೆ. ಹೊರಗಿಂದ ನೋಡಿದರೆ ಗೋಡೆ ಗಟ್ಟಿಮುಟ್ಟು!

ಯಾವ ಅಂಗಡಿಗೆ ಯಾವಾಗ ಸಿಮೆಂಟ್ ಬಿತ್ತು, ಅಟ್ಟಕ್ಕಾಗಿ ಯಾವ ಗೋಡೆ ಕೊರೆದರು ಅನ್ನೋದು ನಕ್ಷೆಯಲ್ಲಿ ಇರಲ್ಲ. ಪಕ್ಕದಂಗಡಿಯವರಿಗೆ ಗೊತ್ತಿರುತ್ತದೆ. ಆದರೆ ಎಲ್ಲಿ ಒಕ್ಕಲೆಬ್ಬಿಸುತ್ತಾರೋ ಅನ್ನೋ ಭಯ ಇದ್ದರೆ ಅವರು ಯಾಕೆ ಬಾಯಿ ಬಿಡುತ್ತಾರೆ, ಅಲ್ವಾ?

ಬಿರುಕು ನೋಡಲು ಒಂದು ಹಳೇ ಉಪಾಯವಿದೆ. ಬಿರುಕಿಗೆ ಅಡ್ಡವಾಗಿ ತೆಳು ಗಾಜಿನ ಪಟ್ಟಿ ಅಂಟಿಸಿ, ಪಕ್ಕದಲ್ಲಿ ತಾರೀಖು ಬರೆಯುವುದು. ಗಾಜು ಒಡೆಯಿತೋ, ಗೋಡೆ ಇನ್ನೂ ಜರುಗುತ್ತಿದೆ ಅಂತ ಅನುಮಾನಿಸಬೇಕು. ಇದನ್ನು ಗಮನಿಸಲು ಡಿಗ್ರಿ ಬೇಡ. ದಿನಾ ಅಂಗಡಿ ಬಾಗಿಲು ತೆಗೆಯುವವರು ಸಾಕು. ಯಾಕೆ ಒಡೆಯಿತು ಅಂತ ಹೇಳಲು ಮಾತ್ರ ಎಂಜಿನಿಯರೇ ಬೇಕು.

2012ರ ಆಗಸ್ಟ್‌ನಲ್ಲಿ ಹತ್ತಿರದ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತರು. 2016ರ ಆಗಸ್ಟ್‌ನಲ್ಲಿ ಈ ಮಾರುಕಟ್ಟೆಯದೂ ಒಂದು ಭಾಗ ಬಿತ್ತು. ಕೆಡವಬೇಕೋ ಉಳಿಸಬೇಕೋ ಎಂಬ ಜಗಳ ಕೋರ್ಟಿನ ಮೆಟ್ಟಿಲನ್ನೂ ಹತ್ತಿತು.

ಐತಿಹಾಸಿಕ ನಗರಗಳ ಬಗ್ಗೆ ಯುನೆಸ್ಕೊ 2011ರಲ್ಲಿ ಒಂದು ಶಿಫಾರಸು ಹೊರಡಿಸಿತು. ಏನನ್ನು ಉಳಿಸಬೇಕು ಅನ್ನೋದನ್ನೇ ಅಲ್ಲಿಯ ಜನರ ಜೊತೆ ಕೂತು ತೀರ್ಮಾನಿಸಿ ಅನ್ನುತ್ತದೆ ಅದು. ನಾನೂ ಅಜ್ಜಿಯನ್ನು ಕೇಳಿದೆ. ಕಮಾನು ಅನ್ನುತ್ತಾರೆ ಅಂದುಕೊಂಡಿದ್ದೆ. "ಈ ಸಾಲು" ಅಂದರು. "ನಾನು ಹೂವು, ಅವ್ಳು ಬಾಳೆಎಲೆ, ಆಚೆ ಕುಂಕುಮ. ಪೂಜೆಗೆ ಬಂದೋರಿಗೆ ಒಂದೇ ಸುತ್ತಲ್ಲಿ ಎಲ್ಲಾ ಸಿಗುತ್ತೆ." ಆಮೇಲೆ ನನ್ನನ್ನೇ ಕೇಳಿದರು: "ರಿಪೇರಿ ಅಂತ ಎಬ್ಬಿಸಿದ್ರೆ, ಮತ್ತೆ ಇದೇ ಸಾಲಲ್ಲಿ ಕೂರಿಸ್ತಾರಾ?"