'ಎರಡೇ ಸಲ ಬಳಸಿದ' ಹಳೆ ವಿಂಚ್ ತಗೊಳ್ಳಬಹುದೇ?

ಪ್ರಶ್ನೆ: ನನ್ನ ಹತ್ತಿರ ಹಳೆಯ ಜಿಪ್ಸಿ ಇದೆ. ಮಳೆಗಾಲದಲ್ಲಿ ಸಕಲೇಶಪುರದ ಕಡೆ ತೋಟದ ದಾರಿಗಳಲ್ಲಿ ಓಡಿಸುತ್ತೇನೆ. ಕೆಸರಲ್ಲಿ ಹೂತ ಗಾಡಿಯನ್ನು ಹಗ್ಗ ಸುತ್ತಿ ಎಳೆದು ತೆಗೆಯುವ, 9,500 ಪೌಂಡ್ ಎಳೆತದ ಸೆಕೆಂಡ್ ಹ್ಯಾಂಡ್ ಎಲೆಕ್ಟ್ರಿಕ್ ವಿಂಚ್ ಸಿಕ್ಕಿದೆ. ನಾಲ್ಕು ವರ್ಷ ಹಳೆಯದು, ಆದರೆ ಎರಡೇ ಸಲ ಬಳಸಿದ್ದಂತೆ. ತಗೊಳ್ಳಲೇ?

ಉತ್ತರ: ತಗೊಳ್ಳಬಹುದು. ಆದರೆ 'ಎರಡೇ ಸಲ' ಅನ್ನುವ ಮಾತಿಗಾಗಿ ಒಂದು ರೂಪಾಯಿಯನ್ನೂ ಹೆಚ್ಚು ಕೊಡಬೇಡಿ. ವಿಂಚಿಗೆ ದುಡಿಮೆಗಿಂತ ಬಂಪರಿನ ಮೇಲೆ ನೆನೆಯುತ್ತ ಕೂರುವುದೇ ದೊಡ್ಡ ಕೇಡು. ಮಳೆನೀರು, ಕೆಸರು ಮೋಟರಿನೊಳಗೆ ಇಳಿದರೆ ಅದಕ್ಕೆ ಕರೆಂಟ್ ಮುಟ್ಟಿಸುವ ಕಾರ್ಬನ್ ಬ್ರಷ್‌ಗಳು ಕೂತಲ್ಲೇ ಕಚ್ಚಿಕೊಳ್ಳುತ್ತವೆ. ಗೇರ್ ಗ್ರೀಸ್ ನೀರು ಕುಡಿದು ಬೆಳ್ಳಗಾಗುತ್ತದೆ, ಮೋಟರಿಗೆ ಕರೆಂಟ್ ಹರಿಸುವ ಸೊಲೆನಾಯ್ಡ್ ಸ್ವಿಚ್ಚಿನ ಟರ್ಮಿನಲ್‌ಗಳಿಗೆ ಹಸಿರು ಕಿಲುಬು ಹಿಡಿಯುತ್ತದೆ. ಆಗಾಗ ಹಗ್ಗ ಬಿಚ್ಚಿ ಸುತ್ತಿಸುತ್ತಿದ್ದ ವಿಂಚ್, ಮೈಮೇಲೆ ಗೀರುಗಳಿದ್ದರೂ, ಎಷ್ಟೋ ವಾಸಿ.

ಹಾಗಾಗಿ ಮಾರುವವರ ಮನೆಯಂಗಳದಲ್ಲಿ ಸುಮ್ಮನೆ ಹಗ್ಗ ಸುತ್ತಿಸಿ ನೋಡಿದರೆ ಸಾಲದು. ಹೊರೆ ಇಲ್ಲದಾಗ ಸಾಯುತ್ತಿರುವ ಮೋಟರೂ ಚೆನ್ನಾಗಿಯೇ ತಿರುಗುತ್ತದೆ. ಏರು ದಾರಿಯೊಂದನ್ನು ಹುಡುಕಿ, ಗಟ್ಟಿಮರಕ್ಕೆ ಅಗಲದ ಪಟ್ಟಿ ಕಟ್ಟಿ, ಗಾಡಿಯನ್ನು ನ್ಯೂಟ್ರಲ್‌ನಲ್ಲಿಟ್ಟು ವಿಂಚಿನಿಂದಲೇ ಮೇಲಕ್ಕೆಳೆಸಿ. ಸ್ಟಿಯರಿಂಗ್ ಹಿಡಿದವರ ಕಾಲು ಬ್ರೇಕ್ ಪೆಡಲಿನ ಹತ್ತಿರವೇ ಇರಲಿ; ಹಗ್ಗದ ಆಸುಪಾಸು ಯಾರೂ ನಿಲ್ಲಬಾರದು. ಅರ್ಧ ದಾರಿಯಲ್ಲಿ ಸ್ವಿಚ್ ಬಿಡಿ. ಗಾಡಿ ಅಲ್ಲೇ ನಿಂತರೆ ವಿಂಚಿನ ಬ್ರೇಕ್ ಸರಿಯಿದೆ. ಮೆಲ್ಲಗೆ ಹಿಂದಕ್ಕೆ ಜಾರಿದರೆ, ಎಷ್ಟೇ ಅಗ್ಗಕ್ಕೆ ಕೊಟ್ಟರೂ ಬೇಡ. ಅನೇಕ ವಿಂಚ್‌ಗಳಲ್ಲಿ ಈ ಬ್ರೇಕ್, ಹಗ್ಗ ಸುತ್ತುವ ಉರುಳೆಯ (ಡ್ರಮ್ಮಿನ) ಒಳಗೇ ಇರುತ್ತದೆ. ಹೊರೆ ಹೊತ್ತು ಹಗ್ಗ ಇಳಿಸಿದಾಗಲೆಲ್ಲ ಕಾದು ಸವೆಯುತ್ತದೆ, ಹೊರಗಿನಿಂದ ನೋಡಿದರೆ ಗೊತ್ತೇ ಆಗುವುದಿಲ್ಲ. ಎಳೆದು ಮುಗಿದ ಮೇಲೆ ಮೋಟರಿನ ಬಳಿ ಮೂಸಿ ನೋಡಿ. ಸುಟ್ಟ ವಾಸನೆ ಬಂದರೆ ವೈಂಡಿಂಗ್ (ಮೋಟರಿನೊಳಗಿನ ತಂತಿಯ ಸುರುಳಿ) ಮೇಲೆ ಅನುಮಾನ ಪಡಬೇಕು. ಡ್ರಮ್ಮನ್ನು ಗೇರಿನಿಂದ ಬಿಡಿಸುವ, ವಿಂಚಿನದೇ ಕ್ಲಚ್ ಲಿವರ್ ಬಿಟ್ಟಾಗ ಡ್ರಮ್ ಕೈಯಲ್ಲಿ ಸಲೀಸಾಗಿ ತಿರುಗಬೇಕು.

ಇನ್ನು 9,500 ಪೌಂಡ್, ಅಂದರೆ ಸುಮಾರು 4,300 ಕಿಲೋ. ಗಾಡಿಯ ಒಟ್ಟು ತೂಕದ ಒಂದೂವರೆ ಪಟ್ಟು ಎಳೆಯುವ ವಿಂಚ್ ಇರಲಿ ಅನ್ನುವುದು ವಾಡಿಕೆ. ಜನ, ಸಾಮಾನು ಸೇರಿ ಜಿಪ್ಸಿ ಒಂದೂವರೆ ಟನ್ನಿನ ಆಸುಪಾಸು, ಹಾಗಾಗಿ ನಿಮಗೆ ಇದು ಧಾರಾಳ. ಆದರೂ ಆ ಅಂಕಿ ಡ್ರಮ್ಮಿನ ಮೊದಲ ಪದರಕ್ಕೆ ಮಾತ್ರ. ಹಗ್ಗದ ಪದರ ಏರಿದಷ್ಟೂ ಎಳೆತ ಇಳಿಯುತ್ತದೆ. ನನಗೆ ಚಿಂತೆಯಿರುವುದು ನಿಮ್ಮ ಬ್ಯಾಟರಿಯ ಬಗ್ಗೆ. ಪೂರ್ತಿ ಹೊರೆಯಲ್ಲಿ ಇಂಥ ವಿಂಚ್ 400 ಆಂಪಿಯರ್‌ನಷ್ಟು ಕರೆಂಟ್ ಎಳೆಯುತ್ತದೆ. ಜಿಪ್ಸಿಯ ಆಲ್ಟರ್ನೇಟರ್ ಅದರ ಕಾಲು ಭಾಗವನ್ನೂ ಕೊಡಲಾರದು, ಉಳಿದದ್ದೆಲ್ಲ ಬ್ಯಾಟರಿಯಿಂದಲೇ ಬರಬೇಕು. ದೊಡ್ಡ ಬ್ಯಾಟರಿಯ ಖರ್ಚನ್ನು ಈಗಲೇ ಲೆಕ್ಕಕ್ಕೆ ಸೇರಿಸಿಕೊಳ್ಳಿ. ಸ್ಟೀಲ್ ಹಗ್ಗವಿದ್ದರೆ ವಿಂಚಿನ ಮೂವತ್ತು ನಲವತ್ತು ಕಿಲೋ ಭಾರ ಮುಂದಿನ ಲೀಫ್ ಸ್ಪ್ರಿಂಗ್ ಮೇಲೆ ಬೀಳುತ್ತದೆ ಅನ್ನುವುದೂ ನೆನಪಿರಲಿ.

ಹಗ್ಗದ ಸ್ಥಿತಿ ನೋಡಿ ವಿಂಚನ್ನು ಬಿಡಬೇಕಿಲ್ಲ, ಅದನ್ನು ಬದಲಾಯಿಸಬಹುದು. ಎಳೆ ಕಿತ್ತ, ಒಮ್ಮೆ ಮಡಚಿ ಗಂಟಾದ ಸ್ಟೀಲ್ ಹಗ್ಗವನ್ನು ಮಾತ್ರ ಮತ್ತೆ ಬಳಸಲೇಬೇಡಿ. ಸಿಂಥೆಟಿಕ್ ಹಗ್ಗಕ್ಕೆ ಹೋಗುವುದಾದರೆ, ಸ್ಟೀಲ್ ಹಗ್ಗ ಕೊರೆದು ಗೀರಾದ ಹಳೆಯ ರೋಲರ್ ಫೇರ್‌ಲೀಡ್ (ಹಗ್ಗ ಹಾದುಬರುವ ಬಾಯಿ) ತೆಗೆದು ನುಣುಪಾದ ಅಲ್ಯುಮಿನಿಯಂ ಫೇರ್‌ಲೀಡ್ ಹಾಕಿಸಿ, ಇಲ್ಲವಾದರೆ ಹೊಸ ಹಗ್ಗ ಬೇಗ ಹರಿಯುತ್ತದೆ.

ಹೊಸ ಹಗ್ಗ, ಸೊಲೆನಾಯ್ಡ್ ಬಾಕ್ಸ್, ಗೇರ್ ಬಿಚ್ಚಿ ಗ್ರೀಸ್ ಹಾಕುವ ಕೂಲಿ, ಇಷ್ಟನ್ನೂ ಕೂಡಿ ಅವರು ಹೇಳಿದ ಬೆಲೆಗೆ ಸೇರಿಸಿ. ಹೊಸ ವಿಂಚಿನ ಬೆಲೆಯ ಮುಕ್ಕಾಲು ಭಾಗ ದಾಟಿತು ಅಂದರೆ ಹೊಸದನ್ನೇ ತಗೊಳ್ಳಿ. ಏರಿನಲ್ಲಿ ಎಳೆಸಿ ನೋಡಲು ಅವರು ಒಪ್ಪದಿದ್ದರೆ ಲೆಕ್ಕ ಹಾಕುವ ಅಗತ್ಯವೂ ಇಲ್ಲ.